ಬೆಂಕಿ ತಗುಲಿದ ಬೀಮು: ಗಾರೆ ಬಳಿಯುವ ಮೊದಲು ನೋಡಬೇಕಾದದ್ದು

ಕಾರವಾರದ ಬೈತಖೋಲದಲ್ಲಿ ಬಲೆ, ಹಗ್ಗ ಪೇರಿಸಿಟ್ಟ ದಾಸ್ತಾನು ಕೋಣೆಯಾಗಲಿ, ಶಿರಸಿಯ ಅಡಿಕೆ ಗೋದಾಮಾಗಲಿ, ಒಮ್ಮೆ ಹೊತ್ತಿಕೊಂಡರೆ ಉರಿ ಮೊದಲು ಬಡಿಯುವುದು ಚಾವಣಿಯ ಆರ್‌ಸಿಸಿ ಬೀಮುಗಳಿಗೆ. ಬೆಂಕಿ ಆರಿದ ಮರುವಾರವೇ ಮಸಿ ತೊಳೆದು ಗಾರೆ ಬಳಿಸುವ ಅವಸರ ನಮ್ಮಲ್ಲಿ ಹೆಚ್ಚು. ಆದರೆ ಬೀಮಿನ ಬಲ ಎಷ್ಟು ಉಳಿದಿದೆ ಎಂಬುದಕ್ಕೆ ಇರುವ ಸಾಕ್ಷಿಯೆಲ್ಲ ಆ ಗಾರೆಯಡಿ ಹೂತುಹೋಗುತ್ತದೆ.

ಮೊದಲ ಕೆಲಸ, ಬೀಮಿಗೆ ಕೆಳಗಿನಿಂದ ಜ್ಯಾಕುಗಳ ಆಧಾರ ಕೊಡುವುದು. ತಣ್ಣಗಾದ ಮೇಲೆ ಅಪಾಯ ಕಳೆಯಿತು ಎಂದುಕೊಳ್ಳಬಾರದು. ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಸಿಮೆಂಟಿನೊಳಗಿನ ಸುಣ್ಣದಂಶ ಸುಟ್ಟ ಸುಣ್ಣವಾಗಿ, ಮುಂದೆ ಗಾಳಿಯ ತೇವ ಹೀರಿ ಅರಳುತ್ತದೆ. ಚಿಪ್ಪಿ ಸುಟ್ಟು ಸುಣ್ಣ ಮಾಡುವುದನ್ನು ಕಂಡ ಕರಾವಳಿಯವರಿಗೆ ಈ ಅರಳುವಿಕೆಯ ಬಲ ಗೊತ್ತು. ಅದೇ ಬಲ ಕಾಂಕ್ರೀಟನ್ನು ಒಳಗಿನಿಂದ ಬಿರಿಸುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಇದು ಇನ್ನೂ ಬೇಗ.

ಕಸ ಎತ್ತುವ ಮೊದಲು ಅದನ್ನು ಓದಿ. ಅಲ್ಯೂಮಿನಿಯಂ ಪಾತ್ರೆ ಕರಗಿ ಹರಿದಿದ್ದರೆ ಅಲ್ಲಿ 660 ಡಿಗ್ರಿ ದಾಟಿತ್ತು. ತಾಮ್ರದ ತಂತಿ ಕರಗಿ ಮಣಿಯಾಗಿದ್ದರೆ, ಅದು ಶಾರ್ಟ್ ಸರ್ಕ್ಯೂಟಿನಿಂದ ಆದದ್ದಲ್ಲವಾದರೆ, 1,080ರ ಮೇಲೆ.

ಆಮೇಲೆ ಉಳಿ ಹಿಡಿದು ಬೀಮಿನ ತಳದ ಅಂಚನ್ನು ಚೂರು ಕೆತ್ತಿ, ಹೊಸ ಮೈಯನ್ನು ಹಗಲು ಬೆಳಕಿನಲ್ಲಿ ನೋಡಿ. ಸುಮಾರು 300 ಡಿಗ್ರಿ ಮೀರಿದ ಕಾಂಕ್ರೀಟ್ ನಸುಗೆಂಪಾಗುತ್ತದೆ, 600ರ ಆಚೆ ಬಿಳಿಬೂದು. ಕೆಂಪು ಕಂಡಲ್ಲಿಯವರೆಗೆ ಬಲ ಕುಂದಿದೆಯೆಂದೇ ಹಿಡಿಯಬೇಕು. ಚಿರೆಕಲ್ಲಿನ ಧೂಳಿನ ಕೆಂಪನ್ನು ಇದರೊಂದಿಗೆ ಗೊಂದಲಿಸಿಕೊಳ್ಳಬೇಡಿ. ಜಲ್ಲಿಯಲ್ಲಿ ಕಬ್ಬಿಣಾಂಶ ಕಡಿಮೆಯಿದ್ದರೆ ಬಣ್ಣವೇ ಮೂಡದಿರಬಹುದು. ಆದ್ದರಿಂದ ಸುತ್ತಿಗೆಯಿಂದ ತಟ್ಟಿಯೂ ನೋಡಿ: ಗಟ್ಟಿ ಕಾಂಕ್ರೀಟ್ ಠಣ್ ಎನ್ನುತ್ತದೆ, ಬೆಂದದ್ದು ಮಂದ ದನಿ ಕೊಡುತ್ತದೆ.

ತಳದ ಅಂಚೇ ಏಕೆಂದರೆ, ಬೀಮು ಬಾಗದಂತೆ ಎಳೆತ ಹೊರುವ ಮುಖ್ಯ ಸರಳುಗಳು ಅಲ್ಲಿವೆ, ಮತ್ತು ಮೂಲೆಯ ಸರಳಿಗೆ ಬಿಸಿ ಕೆಳಗಿನಿಂದಲೂ ಪಕ್ಕದಿಂದಲೂ ತಾಗುತ್ತದೆ. ಕಾಂಕ್ರೀಟ್ ಬಿಸಿಯನ್ನು ನಿಧಾನವಾಗಿ ಒಳಬಿಡುವುದರಿಂದ, ಸರಳನ್ನು ಮುಚ್ಚಿರುವ ಕಾಂಕ್ರೀಟಿನ ಹೊದಿಕೆ, ಅಂದರೆ ಕವರ್, ಉದುರದೆ ನಿಂತಿದ್ದರೆ ಸರಳು ಬಹುಮಟ್ಟಿಗೆ ಪಾರಾಗುತ್ತದೆ. ಕವರ್ ಸಿಡಿದು ಸರಳು ಬೆತ್ತಲಾಗಿದ್ದರೆ ಚಿಂತಿಸಬೇಕು. ಸುಮಾರು 600 ಡಿಗ್ರಿಯಲ್ಲಿ ಉಕ್ಕಿನ ಬಲ ಅರ್ಧಕ್ಕಿಳಿಯುತ್ತದೆ. ತಣಿದಾಗ ಹಳೆಯ ನುಣುಪು ಸರಳು ಬಹುಪಾಲು ಬಲ ಮರಳಿ ಪಡೆಯುತ್ತದೆ, ಆದರೆ ತಣ್ಣಗೆ ತಿರುಚಿದ ಟಾರ್ ಸರಳು ಸುಮಾರು 450 ಡಿಗ್ರಿ ದಾಟಿದ್ದರೆ ಕಳೆದುಕೊಂಡದ್ದನ್ನು ಮರಳಿ ಪಡೆಯದು. ಹಳೆಯ ಕಟ್ಟಡಗಳಲ್ಲಿ ಯಾವ ಸರಳಿದೆ ಎಂಬುದನ್ನು ಕಣ್ಣಾರೆ ಕಂಡೇ ಮುಂದುವರಿಯಬೇಕು. ಸಂದೇಹವಿದ್ದರೆ ಎಂಜಿನಿಯರರ ಮೂಲಕ ಸರಳಿನ ತುಂಡನ್ನೂ ಕಾಂಕ್ರೀಟಿನಿಂದ ಕೊರೆದು ತೆಗೆದ ಉರುಳೆಯನ್ನೂ (ಕೋರ್ ಮಾದರಿ) ಪ್ರಯೋಗಾಲಯಕ್ಕೆ ಕಳಿಸಿ.

ಇನ್ನೊಂದು ಮಾತು, ಕರಾವಳಿಯವರಿಗೆ ವಿಶೇಷವಾಗಿ. ಪಿವಿಸಿ ಪೈಪು, ವೈರು ಉರಿದಾಗ ಬರುವ ಹೊಗೆಯಲ್ಲಿ ಕ್ಲೋರೈಡ್ ಇರುತ್ತದೆ. ಸಮುದ್ರದ ನೀರು ಎರಚಿ ಬೆಂಕಿ ಆರಿಸಿದ್ದರೆ ಉಪ್ಪೂ ಸೇರಿತು. ಬಿರುಕಿನಲ್ಲಿಳಿದ ಈ ಉಪ್ಪು ಮುಂದೆ ಸರಳನ್ನು ತಿನ್ನುತ್ತದೆ. ಹಾಗಾಗಿ ಕ್ಲೋರೈಡ್ ಪರೀಕ್ಷೆ ಬಿಡಬಾರದು.

ರಿಪೇರಿಯಲ್ಲಿ ಬೆಂದ ಕಾಂಕ್ರೀಟನ್ನು ಗಟ್ಟಿ ಭಾಗ ಸಿಗುವವರೆಗೆ ಕಡಿದು, ಅಗತ್ಯವಿದ್ದಷ್ಟು ಹೊಸ ಸರಳು ಜೋಡಿಸಿ, ಮೈಕ್ರೋ ಕಾಂಕ್ರೀಟ್ (ಸಣ್ಣ ಜಲ್ಲಿಯ, ಸಂದುಗಳಿಗೆ ಹರಿದು ತುಂಬುವ ಕಾಂಕ್ರೀಟ್) ತುಂಬಬೇಕು. ಕಡಲ ಗಾಳಿಗೆ ತೆರೆದ ಬೀಮಿಗೆ ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕ ಐಎಸ್ 456:2000 ಹೇಳುವ ಕವರ್ 45 ಮಿಲಿಮೀಟರ್. ಹೊಸ ಭಾಗ ಬಲಗೊಂಡ ಮೇಲೆ, ಬೀಮಿನ ನಡುವಿಗೆ ದಾರ ಹಿಡಿದು ಜೋಲು ಅಳೆಯುತ್ತ, ಜ್ಯಾಕುಗಳನ್ನು ಒಂದೊಂದಾಗಿ ಸಡಿಲಿಸಿ.