ಅಧ್ಯಾಪಕರ ಸಂಘ ಕಟ್ಟುವುದು ಹೇಗೆ?

ತುಮಕೂರು ವಿಶ್ವವಿದ್ಯಾಲಯದಲ್ಲಿ, ಬಿ.ಎಚ್. ರಸ್ತೆಯ ಹಳೆಯ ಆವರಣದಲ್ಲಿ ಪಾಠ ಮಾಡುವವರೂ ಬಿದರಕಟ್ಟೆಯ ಹೊಸ ಆವರಣದಲ್ಲಿ ಪಾಠ ಮಾಡುವವರೂ ಮುಖಾಮುಖಿಯಾಗುವುದು ಅಪರೂಪ. ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರ ಸಂಘ ಕಟ್ಟಲು ಹೊರಟವರಿಗೆ ಎದುರಾಗುವ ಮೊದಲ ತೊಡಕು ಇದೇ. ವಾಟ್ಸ್‌ಆ್ಯಪ್ ಗುಂಪು ಮಾಡಿದರೆ ಸಾಕೆನ್ನುವವರಿದ್ದಾರೆ. ಸಾಲದು. ಅಲ್ಲಿ ಹಬ್ಬದ ಶುಭಾಶಯಗಳು ಹರಿದಾಡುತ್ತವೆ. ಬಾಕಿ ಗೌರವಧನದ ಮಾತು ಬಂದೊಡನೆ, ಯಾರು ಯಾರಿಗೆ ಸ್ಕ್ರೀನ್‌ಶಾಟ್ ಕಳುಹಿಸುತ್ತಾರೋ ಎಂಬ ಅಳುಕಿನಿಂದ ಎಲ್ಲರ ಬಾಯಿಗೂ ಬೀಗ ಬೀಳುತ್ತದೆ. ವಿಭಾಗಕ್ಕೊಬ್ಬ ನಂಬಿಗಸ್ತರನ್ನು ಹುಡುಕಿ, ತರಗತಿಗಳ ನಡುವಿನ ಬಿಡುವಿನಲ್ಲಿ ಒಬ್ಬೊಬ್ಬರ ಬಳಿಯೂ ಕುಳಿತು ಮಾತನಾಡಿ. ನೀವು ಕಡಿಮೆ ಮಾತನಾಡಿ, ಅವರ ದೂರುಗಳನ್ನು ಬರೆದುಕೊಳ್ಳಿ.

ಯಾರು ಸದಸ್ಯರು ಎಂಬುದನ್ನು ಆರಂಭದಲ್ಲೇ ತೀರ್ಮಾನಿಸಬೇಕು. ಕಾಯಂ ಪ್ರಾಧ್ಯಾಪಕರು ಮಾತ್ರ ಸೇರಿದ ಸಂಘ ಬಡ್ತಿ, ಬಾಕಿ ಭತ್ಯೆಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಪಾಠದ ಹೊರೆಯ ದೊಡ್ಡ ಪಾಲು ಹೊರುವ ಅತಿಥಿ ಉಪನ್ಯಾಸಕರು ಹೊರಗುಳಿದರೆ ಆಡಳಿತಕ್ಕೆ ಸಂಘದ ಭಯವೂ ಇರುವುದಿಲ್ಲ, ಗೌರವವೂ ಇರುವುದಿಲ್ಲ. ಅವರಿಗೆ ಪೂರ್ಣ ಮತದಾನದ ಹಕ್ಕು, ಕಡಿಮೆ ಚಂದಾ, ಕಾರ್ಯಕಾರಿ ಸಮಿತಿಯಲ್ಲಿ ಮೀಸಲು ಸ್ಥಾನ ಇವೆಲ್ಲವೂ ಬೈಲಾದಲ್ಲೇ ಇರಲಿ. ಮುಂದೆ ನೋಡೋಣ ಎಂದವರು ಮುಂದೆ ನೋಡುವುದಿಲ್ಲ.

ನೋಂದಣಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಮಂದಿ ಸಹಿ ಹಾಕಿದ ಸಂಘದ ಜ್ಞಾಪನಾ ಪತ್ರವನ್ನು ಬೈಲಾದೊಂದಿಗೆ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಕಾರ್ಮಿಕ ಸಂಘವಾಗಿಯೇ ಏಕೆ ನೋಂದಾಯಿಸಬಾರದು ಎಂದು ಕೇಳುವವರು ಇದ್ದೇ ಇರುತ್ತಾರೆ. 1978ರ ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ಶಿಕ್ಷಣ ಸಂಸ್ಥೆಯೂ ಕೈಗಾರಿಕೆ ಎಂದ ಸುಪ್ರೀಂ ಕೋರ್ಟ್, 1988ರ ಸುಂದರಾಂಬಾಳ್ ಪ್ರಕರಣದಲ್ಲಿ ಆಗಿನ ಕೈಗಾರಿಕಾ ವಿವಾದ ಕಾಯ್ದೆಯಡಿ ಶಿಕ್ಷಕರು ಕಾರ್ಮಿಕರಲ್ಲ ಎಂದಿತು. ಕಾರ್ಖಾನೆ ಇದೆ, ಕೆಲಸಗಾರನಿಲ್ಲ! ಹಾಗಾಗಿ ಆ ದಾರಿ ತೊಡಕಿನದು. ಏನೇ ಇರಲಿ, ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೇ ವಿಧಿಯೇ ಕೊಟ್ಟಿದೆ.

ಇನ್ನು ಬೇಡಿಕೆ. ಭಾಷಣಕ್ಕಿಂತ ಮೊದಲು ಅಂಕಿ ಅಂಶ ಕೈಯಲ್ಲಿರಬೇಕು. ಮಂಜೂರಾದ ಹುದ್ದೆಗಳೆಷ್ಟು, ಖಾಲಿ ಎಷ್ಟು, ಅತಿಥಿ ಉಪನ್ಯಾಸಕರಿಗೆ ಯಾವ ತಿಂಗಳವರೆಗೆ ಹಣ ಸಂದಾಯವಾಗಿದೆ ಎಂದು ಮಾಹಿತಿ ಹಕ್ಕಿನಡಿ ಕೇಳಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. 30 ದಿನಗಳಲ್ಲಿ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಎಂಬುದು ನೆನಪಿರಲಿ. ಆದ್ದರಿಂದ ಹುದ್ದೆಗೊಂದು, ಹಣಕ್ಕೊಂದು ಎಂದು ಬೇರೆ ಬೇರೆ ಅರ್ಜಿ ಹಾಕುವುದೇ ಲೇಸು.

ಬೇಡಿಕೆಯ ಒಕ್ಕಣೆಯಲ್ಲಿ ಎಚ್ಚರ ತಪ್ಪಿದರೆ ಗೆದ್ದೂ ಸೋಲಬಹುದು. 2022ರ ಜನವರಿಯಲ್ಲಿ ಸರ್ಕಾರ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನವನ್ನು 26,000 ಮತ್ತು 32,000 ರೂಪಾಯಿಗಳ ನಡುವಿನ ಮೊತ್ತಕ್ಕೆ ಏರಿಸಿತು. ಅದರ ಜೊತೆಗೇ ವಾರದ ಬೋಧನೆಯ ಅವಧಿ 15 ಗಂಟೆಯಾಯಿತು. ಇಬ್ಬರು ಮಾಡುತ್ತಿದ್ದ ಪಾಠ ಒಬ್ಬರ ಪಾಲಾಗಿ, ಹಲವರು ಕೆಲಸ ಕಳೆದುಕೊಂಡರು. ಹಾಗಾಗಿ ‘ಗೌರವಧನ ಹೆಚ್ಚಿಸಿ’ ಎಂದಷ್ಟೇ ಬರೆಯಬೇಡಿ. ‘ಈಗಿರುವ ಯಾರನ್ನೂ ಕೈಬಿಡದೆ’ ಎಂದೂ ಸೇರಿಸಿ. ಮೊತ್ತದ ಚರ್ಚೆ ಬಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2019ರ ಮಾರ್ಗಸೂಚಿಯ ಪ್ರತಿ ಜೇಬಿನಲ್ಲಿರಲಿ. ಅದರಲ್ಲಿರುವುದು ಒಂದು ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000.

ಮನವಿ ಪತ್ರದ ಎರಡು ಪ್ರತಿ ಒಯ್ಯಿರಿ. ಕುಲಪತಿಗಳ ಕೈಗೆ ಕೊಟ್ಟು ಫೋಟೊ ತೆಗೆಸಿಕೊಂಡು ಬಂದರೆ ಪತ್ರಿಕೆಗೆ ಚಿತ್ರ ಸಿಗುತ್ತದೆ, ಕಡತ ಹುಟ್ಟುವುದಿಲ್ಲ. ಒಂದು ಪ್ರತಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಕುಲಸಚಿವರು ಮಾತುಕತೆಗೆ ಕರೆದರೆ ಅಧ್ಯಕ್ಷರು ಒಬ್ಬರೇ ಹೋಗಕೂಡದು; ಮೂವರು ಹೋಗಲಿ, ಅವರಲ್ಲೊಬ್ಬರು ಅತಿಥಿ ಉಪನ್ಯಾಸಕರಾಗಿರಲಿ. ‘ಪರಿಶೀಲಿಸುತ್ತೇವೆ’ ಎಂದರೆ ಎಂದಿನೊಳಗೆ ಎಂದು ಕೇಳಿ. ಅಂದು ಸಂಜೆಯೇ ‘ತಾವು ಹೀಗೆ ಭರವಸೆ ನೀಡಿದ್ದೀರಿ’ ಎಂದು ಪತ್ರ ಕಳುಹಿಸಿ.

ಧರಣಿಯ ಸರದಿ ಇದೆಲ್ಲ ಆದ ಮೇಲೆ. ಟೌನ್‌ಹಾಲ್ ವೃತ್ತದಲ್ಲಾಗಲಿ ಜಿಲ್ಲಾಧಿಕಾರಿ ಕಚೇರಿಯ ಮುಂದಾಗಲಿ ಕೂರುವ ಮುನ್ನ ಪೊಲೀಸರಿಗೆ ಲಿಖಿತವಾಗಿ ತಿಳಿಸಿ. ಮೌಲ್ಯಮಾಪನ ಬಹಿಷ್ಕಾರವನ್ನು ಕೊನೆಯ ಅಸ್ತ್ರವಾಗಿ ಇಟ್ಟುಕೊಳ್ಳುವುದು ಒಳಿತು. ಫಲಿತಾಂಶ ತಡವಾದರೆ ಪೋಷಕರು ನಿಮ್ಮ ವಿರುದ್ಧ ತಿರುಗಿ ಬೀಳುತ್ತಾರೆ. ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು 2024ರ ಹೊಸ ವರ್ಷದ ಹೊತ್ತಿಗೆ ಸಿದ್ಧಗಂಗಾ ಮಠದಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟಾಗ ರಾಜ್ಯವೇ ತಿರುಗಿ ನೋಡಿತು. ಆ ಹೋರಾಟದ ದಿನಗಳಲ್ಲಿ ಸರ್ಕಾರ 5,000ದಿಂದ 8,000 ರೂಪಾಯಿಗಳವರೆಗೆ ಹೆಚ್ಚಳ ಘೋಷಿಸಿತು. ಸೇವೆ ಕಾಯಂ ಆಗಬೇಕೆಂಬ ಮುಖ್ಯ ಬೇಡಿಕೆ ಮಾತ್ರ ಈಡೇರಲಿಲ್ಲ. ಎಷ್ಟು ಸಿಕ್ಕರೆ ಹೋರಾಟ ನಿಲ್ಲಿಸುತ್ತೀರಿ ಎಂಬುದನ್ನು ಹೊರಡುವ ಮುನ್ನ ಸರ್ವಸದಸ್ಯರ ಸಭೆಯಲ್ಲೇ ನಿರ್ಣಯಿಸಿ.

ಸಂಘಗಳು ಒಡೆಯುವುದು ಬಹುಪಾಲು ಲೆಕ್ಕದ ವಿಷಯಕ್ಕೆ. ಬ್ಯಾಂಕ್ ಖಾತೆಗೆ ಜಂಟಿ ಸಹಿ ಇರಲಿ, ಚಂದಾಕ್ಕೆ ರಸೀದಿ ಕೊಡಿ. ವಾರ್ಷಿಕ ಮಹಾಸಭೆ ಮುಗಿದ 14 ದಿನಗಳೊಳಗೆ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರ ನೋಂದಣಾಧಿಕಾರಿಗೆ ತಲುಪಬೇಕು. ಅಧಿಕಾರ ಬಿಟ್ಟುಕೊಡುವ ಕಾರ್ಯದರ್ಶಿ ನಡಾವಳಿ ಪುಸ್ತಕ, ಪಾಸ್‌ಬುಕ್, ಮೊಹರುಗಳನ್ನು ಪಟ್ಟಿ ಮಾಡಿ, ಸಹಿ ಪಡೆದೇ ಹೊಸಬರಿಗೆ ಒಪ್ಪಿಸಲಿ.