ಪಕ್ಕದ ಸೀಟಿನವರು ಮತ್ತೆ ಬಂದು ಕೂರಬೇಕು: ರ‍್ಯಾಲಿ ಚಾಲಕನಾಗಿ ನನ್ನ ಅನುಭವ

ನಾನು ಓಡಿಸಿದ ರ‍್ಯಾಲಿ ಕಾರುಗಳಲ್ಲಿ ಒಂದೂ ಆಯಾ ವರ್ಷದ ಅತಿ ವೇಗದ ಕಾರಾಗಿರಲಿಲ್ಲ. ಮನೆಯಲ್ಲಿ ಹಣವೂ ಇರಲಿಲ್ಲ. ಅಪ್ಪ ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಹಾಗಿದ್ದರೂ ಸೀಸನ್ ಮೇಲೆ ಸೀಸನ್ ಯಾರಾದರೊಬ್ಬರು ನನ್ನ ಕೈಗೆ ಕಾರು ಕೊಟ್ಟರು, ದಾರಿ ಓದಿ ಹೇಳುವ ಒಳ್ಳೆಯ ನ್ಯಾವಿಗೇಟರ್ ಪಕ್ಕದಲ್ಲಿ ಕೂತರು, ಮೆಕ್ಯಾನಿಕ್‌ಗಳು ರಾತ್ರಿಯಿಡೀ ಕಾರಿನ ಕೆಳಗೆ ಮಲಗಿ ಕೆಲಸ ಮಾಡಿದರು. ಇದೆಲ್ಲ ಹೇಗೆ ಒದಗಿತು ಎಂದು ಹೊಸಬರು ಕೇಳುತ್ತಾರೆ. ನನ್ನಷ್ಟೇ ವೇಗವಾಗಿ, ಕೆಲವೊಮ್ಮೆ ನನಗಿಂತಲೂ ವೇಗವಾಗಿ ಓಡಿಸುತ್ತಿದ್ದವರು ಎರಡೇ ವರ್ಷಗಳಲ್ಲಿ ಕಾಣೆಯಾದದ್ದನ್ನು ನೋಡಿದ್ದೇನೆ. ಒಮ್ಮೆ ಜೊತೆಗೆ ಕೆಲಸ ಮಾಡಿದವರು ಮತ್ತೊಮ್ಮೆ ನಮ್ಮೊಂದಿಗೆ ಬರಲು ಒಪ್ಪುತ್ತಾರೆಯೇ ಎಂಬುದರ ಮೇಲೆ ಚಾಲಕನ ಬದುಕು ನಿಂತಿರುತ್ತದೆ. ಅವರು ಒಪ್ಪುವಂತೆ ಬದುಕುವುದು ನಮ್ಮ ಕೈಯಲ್ಲೇ ಇದೆ.

ಹಣದ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ನಾನು ಶುರು ಮಾಡಿದ್ದು ಮಾರುತಿ ಜಿಪ್ಸಿಯಲ್ಲಿ. 1298 ಸಿಸಿ ಎಂಜಿನ್, ನಾಲ್ಕೂ ಚಕ್ರಕ್ಕೆ ಶಕ್ತಿ, ಹಿಂದೆ ಮುಂದೆ ಲೀಫ್ ಸ್ಪ್ರಿಂಗ್. ಮಲೆನಾಡಿನಲ್ಲಿ ಅದರ ಬಿಡಿಭಾಗ ಸಿಗದ ಊರಿರಲಿಲ್ಲ, ಅದನ್ನು ಬಿಚ್ಚಿ ಜೋಡಿಸಲು ಬಾರದ ಗ್ಯಾರೇಜೂ ಇರಲಿಲ್ಲ. ಸ್ವಲ್ಪ ಹೆಸರು ಬಂದಮೇಲೆ ಒಂದು ತಂಡದವರು ಇನ್ನೂ ಮೇಲಿನ ವರ್ಗದ ಕಾರಿನಲ್ಲಿ ಸೀಟು ಕೊಡುತ್ತೇವೆ ಎಂದರು. ಅರ್ಧ ಖರ್ಚು ನಾನು ಹಾಕಬೇಕಿತ್ತು. ಅಮ್ಮನ ಹೆಸರಿನಲ್ಲಿ ಒಂದು ಸೈಟಿತ್ತು. "ಮಾರೋಣ ಬಿಡೋ, ಈ ವಯಸ್ಸು ಮತ್ತೆ ಬರುವುದಿಲ್ಲ" ಎಂದು ಅಪ್ಪನೇ ಹೇಳಿದರು. ನಾನು ಬೇಡವೆಂದೆ. ತಂದೆತಾಯಿಯ ಸೈಟಿನ ಮೇಲೆ ಕೂತು ಓಡಿಸುವವನು ಪ್ರತಿ ತಿರುವಿನಲ್ಲೂ ಆ ಸೈಟನ್ನೇ ನೆನೆಯುತ್ತಾನೆ. ಬ್ರೇಕ್ ಹಾಕಬೇಕಾದಲ್ಲಿ ಹಾಕುವುದಿಲ್ಲ, ಹಾಕಬಾರದಲ್ಲಿ ಹಾಕುತ್ತಾನೆ. ಅಂಥ ಚಾಲಕರ ಪಕ್ಕದಲ್ಲಿ ಕೂತುಬಂದ ನ್ಯಾವಿಗೇಟರ್‌ಗಳು ಹೇಳಿದ್ದನ್ನು ಕೇಳಿದ್ದೇನೆ.

ಬದಲಿಗೆ ಹಾಸನದ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದೆ. ಬೇರೆಯವರ ರ‍್ಯಾಲಿ ಕಾರುಗಳಿಗೆ ಉರುಳಿದಾಗ ಒಳಗಿದ್ದವರನ್ನು ಕಾಯುವ ರೋಲ್ ಕೇಜ್ ಬೆಸೆಯುವುದು, ಎಂಜಿನ್ನಿನ ತಳ ಕಾಯುವ ಸಂಪ್ ಗಾರ್ಡ್ ಕೂರಿಸುವುದು, ಕುಲುಕಾಟ ತಡೆಯುವ ಡ್ಯಾಂಪರ್ ಬಿಚ್ಚುವುದು. ಸಂಬಳದಲ್ಲಿ ಉಳಿದದ್ದನ್ನೆಲ್ಲ ಟೈರು ಮತ್ತು ಪೆಟ್ರೋಲಿಗೆ ಹಾಕಿದೆ. ಹಳೆಯ ಜಿಪ್ಸಿಯಲ್ಲೇ ಮಣ್ಣಿನ ರಸ್ತೆಯಲ್ಲಿ ಹೆಚ್ಚು ಹೊತ್ತು ಕಳೆದೆ. ದೊಡ್ಡ ಕಾರಿನಲ್ಲಿ ವರ್ಷಕ್ಕೆರಡು ರ‍್ಯಾಲಿ ಮಾಡುವುದಕ್ಕಿಂತ ಸಣ್ಣ ಕಾರಿನಲ್ಲಿ ಎಲ್ಲ ಸುತ್ತುಗಳನ್ನೂ ಮುಗಿಸುವುದು ಚಾಲಕನನ್ನು ಬೆಳೆಸುತ್ತದೆ ಎಂಬ ನನ್ನ ನಂಬಿಕೆ ಇವತ್ತಿಗೂ ಬದಲಾಗಿಲ್ಲ.

ರ‍್ಯಾಲಿಯನ್ನು ಟಿವಿಯಲ್ಲಿ ನೋಡುವವರಿಗೆ ಸ್ಟಿಯರಿಂಗ್ ತಿರುಗಿಸುವ ಕೈ ಮಾತ್ರ ಕಾಣುತ್ತದೆ. ಕೆಲಸ ಶುರುವಾಗುವುದು ಅದಕ್ಕೆ ಮೊದಲು, ರೆಕ್ಕಿಯಲ್ಲಿ. ರಸ್ತೆ ಮುಚ್ಚಿ ಒಂದೊಂದೇ ಕಾರನ್ನು ಬಿಟ್ಟು ಸಮಯ ಅಳೆಯುವ ಸ್ಟೇಜ್‌ಗಳಲ್ಲಿ ಮಾಮೂಲಿ ಕಾರಿನಲ್ಲಿ, ಮಿತಿಗೊಳಪಟ್ಟ ವೇಗದಲ್ಲಿ, ಸಾಮಾನ್ಯವಾಗಿ ಎರಡು ಸಲ ಹೋಗಿ ಬರಲು ಬಿಡುತ್ತಾರೆ. ಮೊದಲ ಸಲ ನಾನು ಪ್ರತಿ ತಿರುವನ್ನೂ ಬಾಯಿಬಿಟ್ಟು ಹೇಳುತ್ತೇನೆ, ನ್ಯಾವಿಗೇಟರ್ ಬರೆದುಕೊಳ್ಳುತ್ತಾರೆ. ಎರಡನೆಯ ಸಲ ಅವರು ಓದುತ್ತಾರೆ, ನಾನು ತಿದ್ದುತ್ತೇನೆ. ತಿರುವು ಎಷ್ಟು ಬಿಗಿ ಎಂಬುದಕ್ಕೆ ಅಂಕಿ ಇಡುತ್ತೇವೆ. ನಮ್ಮ ಲೆಕ್ಕದಲ್ಲಿ ಆರು ಎಂದರೆ ಹೆಚ್ಚುಕಡಿಮೆ ನೇರ ರಸ್ತೆ, ಒಂದು ಎಂದರೆ ಹೇರ್‌ಪಿನ್‌ಗೆ ಹತ್ತಿರದ ತಿರುವು. ಚಾಲಕನ ಸ್ವಭಾವ ಮೊದಲು ಬಯಲಾಗುವುದು ಇಲ್ಲಿಯೇ. ನಾಲ್ಕರ ತಿರುವನ್ನು ಐದು ಎಂದು ಹೇಳಿಬಿಡುವ ಚಪಲ ಎಲ್ಲರಿಗೂ ಇರುತ್ತದೆ, ಏಕೆಂದರೆ ಅಲ್ಲಿ ಐದರ ವೇಗದಲ್ಲಿ ಹೋಗಬೇಕೆಂಬ ಆಸೆ ಇರುತ್ತದೆ. ನನ್ನ ಮೊದಲ ನ್ಯಾವಿಗೇಟರ್ ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು, ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಅವರು ಪೆನ್ಸಿಲ್ ಎತ್ತಿ ಹಿಡಿದು, "ಕಂಡದ್ದನ್ನು ಹೇಳು, ಆಸೆಪಟ್ಟದ್ದನ್ನು ಹೇಳಬೇಡ" ಎನ್ನುತ್ತಿದ್ದರು. ನಾನು ಕಾರು ನಿಲ್ಲಿಸಿ ಮತ್ತೆ ಹಿಂದಕ್ಕೆ ಬಂದು ಆ ತಿರುವನ್ನು ನೋಡುತ್ತಿದ್ದೆ.

ಚಿಕ್ಕಮಗಳೂರಿನ ತೋಟಗಳೊಳಗಿನ ಒಂದು ಬಲತಿರುವು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹೊರಬದಿಯಲ್ಲಿ ಸಾಲಾಗಿ ಸಿಲ್ವರ್ ಓಕ್ ಮರಗಳು. ಒಳಬದಿಯಲ್ಲಿ ಮಳೆನೀರಿನ ಚರಂಡಿ, ಅದರ ಅಂಚಿಗೆ ಕಲ್ಲು. ತಿರುವು ಮುಗಿಯುವಲ್ಲಿ ಒಂದು ಕಿರಿದಾದ ಮೋರಿ. ನೋಡಿದರೆ ನಾಲ್ಕು. ನಾವು ಬರೆದದ್ದು, "ಬಲ ಮೂರು, ಉದ್ದ, ಒಳಗೆ ಕತ್ತರಿಸಬೇಡ, ಮೋರಿ." ಸ್ಪರ್ಧೆಯ ದಿನ ಮಳೆ ಬರಲಿಲ್ಲ, ಧೂಳು ಬಂತು. ಬಯಲಿನಲ್ಲಾದರೆ ಗಾಳಿ ಧೂಳನ್ನು ಎತ್ತಿಕೊಂಡು ಹೋಗುತ್ತದೆ. ಕಾಫಿ ತೋಟದಲ್ಲಿ ನೆರಳಿನ ಮರಗಳು ಅದನ್ನು ಕೆಳಗೇ ಹಿಡಿದಿಡುತ್ತವೆ. ಎರಡು ನಿಮಿಷ ಮುಂಚೆ ಹೊರಟ ಕಾರಿನ ಧೂಳು ಬಾನೆಟ್ಟಿನ ಆಚೆ ಏನನ್ನೂ ಕಾಣಗೊಡಲಿಲ್ಲ. ಕಿವಿಯಲ್ಲಿ ಅಣ್ಣನ ದನಿ, ಏರಿಳಿತವಿಲ್ಲದೆ: "ಬಲ ಮೂರು, ಉದ್ದ." ಮರ ಕಾಣುವ ಮುಂಚೆಯೇ ತಿರುಗಿಸಿದೆ. ಮೂರು ಎಂದು ಬರೆದದ್ದು ಮೂರೇ ಆಗಿತ್ತು. ಮೋರಿಯ ಎರಡೂ ಬದಿಯ ಕಟ್ಟೆ ಕಿಟಕಿಯ ಪಕ್ಕದಲ್ಲೇ ಹಾದುಹೋಯಿತು. ಅಲ್ಲಿ ನನ್ನ ಧೈರ್ಯಕ್ಕೆ ಮಾಡಲು ಏನೂ ಉಳಿದಿರಲಿಲ್ಲ. ಎರಡು ದಿನ ಮುಂಚೆ ಅದೇ ಜಾಗದಲ್ಲಿ ನಿಂತು ಹಿಂದಕ್ಕೆ ಬಂದು ನೋಡಿದ್ದೇ ನಮ್ಮನ್ನು ದಾಟಿಸಿತು.

ಸ್ಟೇಜ್ ಕೆಟ್ಟರೆ ನ್ಯಾವಿಗೇಟರ್ ಮೇಲೆ ಕೂಗಾಡುವ ಚಾಲಕರಿದ್ದಾರೆ. ಹೆಲ್ಮೆಟ್ ತೆಗೆಯುವ ಮೊದಲೇ, ಎಲ್ಲರೆದುರು. ಮುಂದಿನ ಸ್ಟೇಜಿನಲ್ಲಿ ಆ ನ್ಯಾವಿಗೇಟರ್ ದನಿ ಅಳುಕುತ್ತದೆ, ಅರ್ಧ ಸೆಕೆಂಡು ತಡವಾಗಿ ಬರುತ್ತದೆ. 2011ರ ಜೋರ್ಡಾನ್ ರ‍್ಯಾಲಿಯನ್ನು ಸೆಬಾಸ್ಟಿಯನ್ ಓಜಿಯೆ ಗೆದ್ದದ್ದು ಕೇವಲ 0.2 ಸೆಕೆಂಡಿನ ಅಂತರದಿಂದ ಎಂಬುದನ್ನು ನೆನಪಿಸಿಕೊಂಡರೆ ಅರ್ಧ ಸೆಕೆಂಡು ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಫ್ರಾನ್ಸಿನ ರ‍್ಯಾಲಿ ಚಾಲಕ ಸೆಬಾಸ್ಟಿಯನ್ ಲೋಬ್ 2004ರಿಂದ 2012ರವರೆಗೆ ಸತತ ಒಂಬತ್ತು ವಿಶ್ವ ಪ್ರಶಸ್ತಿಗಳನ್ನು ಗೆದ್ದಾಗ ಒಂಬತ್ತು ಸಲವೂ ಪಕ್ಕದಲ್ಲಿದ್ದವರು ಡೇನಿಯಲ್ ಎಲೆನಾ. ಲೋಬ್ ಅವರ ಪ್ರತಿಭೆಯ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅಷ್ಟು ವರ್ಷ ಒಬ್ಬನೇ ಮನುಷ್ಯ ಆ ಸೀಟಿಗೆ ಮತ್ತೆ ಮತ್ತೆ ಬಂದು ಕೂತದ್ದು.

ಸ್ಟೇಜುಗಳ ನಡುವೆ ಕಾರು ದುರಸ್ತಿಗೆ ಸಿಗುವ ಸರ್ವಿಸ್ ಎಂದರೆ ಎಣಿಸಿಟ್ಟ ನಿಮಿಷಗಳು. ಮುಗಿಯುವ ಹೊತ್ತಿಗೆ, ಸಮಯ ದಾಖಲಿಸುವ ಟೈಮ್ ಕಂಟ್ರೋಲಿನಲ್ಲಿ ಹಾಜರಿರಬೇಕು. ಒಂದು ನಿಮಿಷ ತಡವಾದರೆ ಹತ್ತು ಸೆಕೆಂಡಿನ ದಂಡ, ಒಂದು ನಿಮಿಷ ಮುಂಚೆ ಹೋದರೆ ಪೂರ್ತಿ ಒಂದು ನಿಮಿಷದ ದಂಡ. ಅಷ್ಟರೊಳಗೆ ಮೆಕ್ಯಾನಿಕ್‌ಗಳು ಕಾರನ್ನು ಸರಿಮಾಡಬೇಕು. ಇಂಥ ಹೊತ್ತಿನಲ್ಲಿ ಚಾಲಕ ಕೆಳಗಿಳಿದು ಏನು ಹೇಳುತ್ತಾನೆ ಎಂಬುದು ಮುಖ್ಯ. "ಕಾರು ಸರಿಯಿಲ್ಲ" ಎಂದು ಕುರ್ಚಿ ಎಳೆದುಕೊಂಡು ಕೂತುಬಿಟ್ಟರೆ ಅವರು ಎಲ್ಲಿಂದ ಶುರು ಮಾಡಬೇಕು? ನಾನು ಇಳಿಯುವಾಗಲೇ ಮಾತು ಸಿದ್ಧವಾಗಿರುತ್ತಿತ್ತು: "ಏಳನೇ ಕಿಲೋಮೀಟರಿನ ಹತ್ತಿರ ಎಡ ಮುಂಚಕ್ರ ಕಲ್ಲಿಗೆ ತಾಗಿದೆ, ಅಲ್ಲಿಂದ ಬ್ರೇಕ್ ಹಾಕಿದಾಗ ಎಡಕ್ಕೆ ಎಳೆಯುತ್ತಿದೆ." ಕಲ್ಲಿಗೆ ಹೊಡೆದದ್ದನ್ನು ಮುಚ್ಚಿಟ್ಟರೆ ಮೆಕ್ಯಾನಿಕ್ ಬ್ರೇಕ್ ಕ್ಯಾಲಿಪರ್ ಬಿಚ್ಚುತ್ತಾನೆ, ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಬಾಗಿದ್ದು ಹಾಗೆಯೇ ಉಳಿಯುತ್ತದೆ. ಮುಂದಿನ ಸ್ಟೇಜಿನಲ್ಲಿ ಅದೇ ಮುರಿದರೆ ಇಬ್ಬರ ಜೀವ.

ಈ ವಿಷಯದಲ್ಲಿ ನಾನು ಅತಿ ಹೆಚ್ಚು ಗೌರವಿಸುವ ಚಾಲಕ ರ‍್ಯಾಲಿಯವರಲ್ಲ, ಫಾರ್ಮುಲಾ ಒನ್‌ನ ನಿಕಿ ಲಾವ್ಡಾ. 1976ರ ಆಗಸ್ಟ್ 1ರಂದು ನ್ಯೂರ್ಬರ್ಗ್‌ರಿಂಗ್‌ನಲ್ಲಿ ಕಾರಿನೊಳಗೆ ಸುಟ್ಟುಹೋಗಿ ಸಾವಿನಂಚಿಗೆ ಹೋದವರು ಸೆಪ್ಟೆಂಬರ್ 12ಕ್ಕೆ ಮೊಂಜಾದಲ್ಲಿ ಮತ್ತೆ ಓಡಿಸಿ ನಾಲ್ಕನೆಯವರಾದರು. ಆ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ದೊಡ್ಡದು ಅದೇ ವರ್ಷ ಅಕ್ಟೋಬರಿನಲ್ಲಿ ಜಪಾನಿನ ಫುಜಿಯಲ್ಲಿ ನಡೆದದ್ದು. ವಿಶ್ವ ಪ್ರಶಸ್ತಿ ನಿರ್ಧಾರವಾಗುವ ಕೊನೆಯ ರೇಸ್, ಧಾರಾಕಾರ ಮಳೆ. ಎರಡು ಲ್ಯಾಪ್ ಓಡಿಸಿ, ಇದು ಅಪಾಯ ಎಂದು ಅವರು ಪಿಟ್‌ಗೆ ಬಂದು ಇಳಿದುಬಿಟ್ಟರು. ಎಂಜಿನ್ ಕೆಟ್ಟಿತೆಂದು ಹೇಳೋಣವೇ ಎಂದು ತಂಡದ ಕಡೆಯಿಂದ ಕೇಳಿದಾಗ ಒಪ್ಪಲಿಲ್ಲ. ಒಂದೇ ಒಂದು ಅಂಕದಿಂದ ಪ್ರಶಸ್ತಿ ಜೇಮ್ಸ್ ಹಂಟ್ ಪಾಲಾಯಿತು. ಮರುವರ್ಷ ಲಾವ್ಡಾ ಮತ್ತೆ ಚಾಂಪಿಯನ್ ಆದರು. 1984ರಲ್ಲಿ ಮೂರನೆಯ ಸಲ, ಅರ್ಧ ಅಂಕದ ಅಂತರದಲ್ಲಿ. ತಾನು ಹೆದರಿದೆ ಎಂದು ಹೇಳಬಲ್ಲ ಚಾಲಕನ ಉಳಿದ ಮಾತುಗಳನ್ನೂ ಎಂಜಿನಿಯರ್ ನಂಬುತ್ತಾನೆ.

ನನಗೆ ಒಳ್ಳೆಯ ಕಾರು ಬಂದದ್ದೂ ಇದೇ ದಾರಿಯಿಂದ. ಸಕಲೇಶಪುರದ ಕಡೆಯ ಪ್ಲಾಂಟರ್ ಒಬ್ಬರು ತಮ್ಮ ರ‍್ಯಾಲಿ ಕಾರನ್ನು ನಮ್ಮ ವರ್ಕ್‌ಶಾಪಿಗೆ ತರುತ್ತಿದ್ದರು. ವಯಸ್ಸಾದಮೇಲೆ ತಾವು ಓಡಿಸುವುದನ್ನು ಬಿಟ್ಟಾಗ ಕೀಲಿಕೈಯನ್ನು ನನ್ನ ಕೈಗಿಟ್ಟರು. ನನಗಿಂತ ವೇಗದ ಹುಡುಗರು ಅವರ ಬಳಿ ಕೇಳಿದ್ದರೆಂದು ನನಗೆ ಗೊತ್ತಿತ್ತು. ಅವರು ಹೇಳಿದ್ದು ಇಷ್ಟೇ: "ನೀನು ಕಾರನ್ನು ವಾಪಸ್ ತರುತ್ತೀಯ, ಏನಾಯಿತೆಂದು ನಿಜ ಹೇಳುತ್ತೀಯ."

ವಾಪಸ್ ತರುವುದು ಎಂದರೆ ನಿಧಾನವಾಗಿ ಓಡಿಸುವುದಲ್ಲ. ಎಲ್ಲಿ ವೇಗ ತೆಗೆಯಬೇಕು, ಎಲ್ಲಿ ಬಿಡಬೇಕು ಎಂದು ಮೊದಲೇ ತೀರ್ಮಾನಿಸಿ ಅದಕ್ಕೆ ಬದ್ಧನಾಗಿರುವುದು. ಸ್ಟೇಜಿನ ನಡುವೆ ಸಿಟ್ಟಿನಿಂದ ಆ ತೀರ್ಮಾನವನ್ನು ಬದಲಿಸಬಾರದು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಬೈಕಿನಲ್ಲಿ, ದಿನಗಟ್ಟಲೆ ನಡೆಯುವ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯರಾದರು, 36ನೆಯ ಸ್ಥಾನ. ಬಿಗ್ ಬಾಸ್‌ನಿಂದ ಮನೆಮಾತಾದ ಉಡುಪಿಯ ಕೆ.ಪಿ. ಅರವಿಂದ್ ಮೊದಲ ಪ್ರಯತ್ನಗಳಲ್ಲಿ ಡಕಾರ್ ಮುಗಿಸಲಾಗದೆ ಮರಳಿ, 2019ರಲ್ಲಿ ಪೆರುವಿನಲ್ಲಿ 37ನೆಯವರಾಗಿ ಮುಗಿಸಿದರು. ಅಂಕಿ ನೋಡಿ ಮೂಗು ಮುರಿಯುವವರಿಗೆ ಮರುಭೂಮಿಯಲ್ಲಿ ದಿನವಿಡೀ ಬೈಕ್ ಓಡಿಸಿ ಮರುದಿನವೂ ಹೊರಡುವುದು ಏನೆಂದು ಗೊತ್ತಿರುವುದಿಲ್ಲ. ಐಶ್ವರ್ಯ ಪಿಸ್ಸೆ 2018ರಲ್ಲಿ ಸ್ಪೇನಿನಲ್ಲಿ ಬಾಹಾ ಎಂಬ ಕಚ್ಚಾರಸ್ತೆಯ ಬೈಕ್ ಸ್ಪರ್ಧೆಯಲ್ಲಿ ಬಿದ್ದು ತೀವ್ರವಾಗಿ ಗಾಯಗೊಂಡವರು, ಮರುವರ್ಷವೇ ಬಾಹಾ ವಿಶ್ವಕಪ್‌ನ ಮಹಿಳಾ ಪ್ರಶಸ್ತಿ ಗೆದ್ದರು. ನಮ್ಮ ಊರುಗಳ ಈ ಮೂವರ ಹೆಸರನ್ನು ನಾನು ಹುಡುಗರ ಮುಂದೆ ಪದೇಪದೇ ಹೇಳುತ್ತೇನೆ.

ಒಂದು ಸಲ ಸ್ಟೇಜಿನಲ್ಲಿ ಮುಂದಿನ ಕಾರು ಕೆಳಗಿನ ಗಿಡಗಳೊಳಗೆ ಉರುಳಿತ್ತು. ಅಪಘಾತವಾದರೆ ಆ ಕಾರಿನವರು ದಾರಿಯ ವಿವರವಿರುವ ರೋಡ್ ಬುಕ್‌ನಲ್ಲಿರುವ ಎರಡು ಗುರುತುಗಳಲ್ಲಿ ಒಂದನ್ನು ತೋರಿಸಬೇಕು. ಹಸಿರು ‘ಓಕೆ’ ಎಂದರೆ ಕ್ಷೇಮ, ಕೆಂಪು ‘ಎಸ್ಒಎಸ್’ ಎಂದರೆ ವೈದ್ಯರು ಬೇಕು. ಕೆಂಪು ಕಂಡರೆ ನಿಲ್ಲಲೇಬೇಕು. ಅಲ್ಲಿ ಯಾವುದೂ ಕಾಣಲಿಲ್ಲ. ನಾನು ನಿಲ್ಲಿಸಿದೆ, ಅಣ್ಣ ಇಳಿದು ಓಡಿದರು. ನಾನು ಎಚ್ಚರಿಕೆಯ ತ್ರಿಕೋನವನ್ನು ಹಿಂದಿನ ತಿರುವಿನಾಚೆ ಇಟ್ಟು ಬಂದೆ. ಒಳಗಿದ್ದವರಿಗೆ ಬೆಲ್ಟ್ ಬಿಚ್ಚಲಾಗುತ್ತಿರಲಿಲ್ಲ, ಅಷ್ಟೇ. ಹೀಗೆ ನೆರವಿಗೆ ನಿಂತವರಿಗೆ ನ್ಯಾಯವಾದ ಸಮಯ ಕೊಡಲು ನಿಯಮದಲ್ಲಿ ಅವಕಾಶವಿದೆ. ಇಲ್ಲದಿದ್ದರೂ ನಿಲ್ಲುತ್ತಿದ್ದೆ.

ಸ್ಟೇಜಿನ ಹೊರಗಿನ ನಡತೆಯ ಬಗ್ಗೆ ನಾನು ತುಸು ಕಠಿಣ. ಎರಡು ಸ್ಟೇಜ್‌ಗಳ ನಡುವಿನ ರಸ್ತೆ ಜನರ ರಸ್ತೆ, ಅಲ್ಲಿ ಶಾಲೆಯ ಮಕ್ಕಳಿದ್ದಾರೆ, ದನಗಳಿವೆ. ಚಾರ್ಮಾಡಿ ಘಾಟಿಯಲ್ಲಿ ಸಮಯ ಹಿಡಿದು ಓಡಿಸಿ ಅದರ ವಿಡಿಯೊ ಹಾಕುವವನು ಎಷ್ಟೇ ಜಾಣನಾದರೂ ನಮ್ಮ ಗ್ಯಾರೇಜಿನೊಳಗೆ ಅವನಿಗೆ ಜಾಗವಿಲ್ಲ. ನಿದ್ದೆ, ನೀರು, ಊಟದ ಶಿಸ್ತಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೆಂಕಿ ತಡೆಯುವ ದಪ್ಪ ಉಡುಪಿನಲ್ಲಿ ಎ.ಸಿ. ಇಲ್ಲದ ಕಾರಿನೊಳಗೆ ಮಧ್ಯಾಹ್ನ ಕಳೆದವರಿಗೆ ಅದು ತಾನಾಗಿಯೇ ತಿಳಿಯುತ್ತದೆ.

ಅಪ್ಪ ಆಸ್ಪತ್ರೆಯಲ್ಲಿದ್ದ ವರ್ಷ ಸೀಸನ್ನಿನ ಕೊನೆಯ ಸುತ್ತಿಗೆ ನಾನು ಹೋಗಲಿಲ್ಲ. ಅಂಕಪಟ್ಟಿಯಲ್ಲಿ ಕೆಳಗಿಳಿದೆ. ಕೆಲವರು ಕೆರಿಯರ್ ಮುಗಿಯಿತು ಎಂದರು. ಪ್ಲಾಂಟರ್ ಫೋನ್ ಮಾಡಿ, "ಅಪ್ಪ ಗುಣವಾಗಲಿ, ಕಾರು ಇಲ್ಲೇ ಇರುತ್ತದೆ" ಎಂದರು. ಇರಿಸಿದರು ಕೂಡ. 22ನೆಯ ವಯಸ್ಸಿನಲ್ಲೇ ವಿಶ್ವ ಚಾಂಪಿಯನ್ ಆಗಿ, ಮರುವರ್ಷ 2023ರಲ್ಲೂ ಗೆದ್ದ ಫಿನ್ಲೆಂಡಿನ ರ‍್ಯಾಲಿ ಚಾಲಕ ಕಾಲೆ ರೋವನ್ಪೆರಾ 2024ರಲ್ಲಿ ತಾವಾಗಿಯೇ ಕೆಲವೇ ರ‍್ಯಾಲಿಗಳಿಗೆ ಸೀಮಿತರಾದಾಗ ಹಲವರಿಗೆ ಅಚ್ಚರಿಯಾಯಿತು. ನನಗೆ ಆಗಲಿಲ್ಲ. ಯಾವಾಗ ಕಾರಿನಿಂದ ಇಳಿದಿರಬೇಕು ಎಂದು ನಿರ್ಧರಿಸುವುದೂ ಚಾಲಕನ ಕೆಲಸವೇ.

ಈಗ ನಾನು ಸ್ಪರ್ಧಿಸುವುದು ಕಡಿಮೆ, ಕಾರು ಸಿದ್ಧಪಡಿಸುವುದು ಹೆಚ್ಚು. ಓಡಿಸಬೇಕೆಂದು ಬರುವವರನ್ನು ಮೊದಲು ಒಂದು ರ‍್ಯಾಲಿಗೆ ಸ್ಟೇಜಿನ ದಾರಿ ಕಾಯುವ ಮಾರ್ಷಲ್‌ಗಳ ಜೊತೆ ಕಳಿಸುತ್ತೇನೆ, ಇನ್ನೊಂದರಲ್ಲಿ ಸರ್ವಿಸ್‌ನಲ್ಲಿ ಟೈರು ಬಿಚ್ಚಲು ನಿಲ್ಲಿಸುತ್ತೇನೆ. ಅರ್ಧದಷ್ಟು ಜನ ಅಲ್ಲಿಗೇ ಬಿಡುತ್ತಾರೆ. ಈ ಸಲ ಬಂದಿರುವ ಹುಡುಗಿ ಬಿಟ್ಟಿಲ್ಲ. ಪ್ರತಿ ಸರ್ವಿಸ್‌ನಲ್ಲೂ ಬಿಚ್ಚಿದ ಟೈರುಗಳ ಒತ್ತಡವನ್ನು ಯಾರೂ ಹೇಳದೆಯೇ ಬರೆದಿಟ್ಟುಕೊಂಡಿದ್ದಾಳೆ, ಯಾವ ಟೈರು ಯಾವ ಅಂಚಿನಲ್ಲಿ ಸವೆದಿದೆ ಎಂಬುದನ್ನೂ ಪಕ್ಕದಲ್ಲೇ ಗುರುತು ಮಾಡಿದ್ದಾಳೆ. ಹಳೆಯ ಜಿಪ್ಸಿಯ ರೋಲ್ ಕೇಜನ್ನು ಈಗ ಆಕೆಯ ಎತ್ತರಕ್ಕೆ ತಕ್ಕಂತೆ ಬದಲಿಸುತ್ತಿದ್ದೇವೆ. ನ್ಯಾವಿಗೇಟರ್ ಆಗಿ ಮೊದಲ ಎರಡು ರ‍್ಯಾಲಿಗಳಿಗೆ ನಾನೇ ಎಡಗಡೆ ಕೂರುತ್ತೇನೆ ಎಂದು ಹೇಳಿದ್ದೇನೆ.