ಹಳೆಯ ಎಂಎಂ 540ಕ್ಕೆ ರೇಡಿಯೇಟರ್: ನಾನು ತಾಮ್ರದ ಕೋರ್ ಹಾಕಿಸಿದ್ದು ಯಾಕೆ

ನಮ್ಮ ಮನೆ ಹೊಸನಗರ ತಾಲ್ಲೂಕಿನಲ್ಲಿ, ಬಿದನೂರು ನಗರದಿಂದ ಸ್ವಲ್ಪ ಒಳಗೆ. ತೋಟಕ್ಕೆ ಇಳಿಯುವ ದಾರಿಗೆ ಜೀಪ್ ಬಿಟ್ಟರೆ ಬೇರೆ ಗಾಡಿ ಆಗುವುದಿಲ್ಲ. ನಮ್ಮದು ಮಹೀಂದ್ರ ಎಂಎಂ 540. ಪ್ಯೂಜೋ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್, 2112 ಸಿಸಿ. ಎಂಜಿನ್ ಇನ್ನೂ ಗಟ್ಟಿ ಇದೆ. ಆದರೆ ಎಂಜಿನ್ನಿನ ನೀರನ್ನು ತಂಪು ಮಾಡುವ ರೇಡಿಯೇಟರ್‌ಗೆ ವಯಸ್ಸಾಗಿತ್ತು. ಅಡಿಕೆ ಮೂಟೆ ಹೇರಿಕೊಂಡು ತೋಟದಿಂದ ಮೇಲೆ ಹತ್ತುವಾಗ ಎಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿನ ಹತ್ತಿರ ಹೋಗುತ್ತಿತ್ತು.

ಬಿಸಿಯಾದ ಕೂಡಲೇ ರೇಡಿಯೇಟರ್ ಬದಲಿಸಲು ಓಡುವುದು ಬೇಡ. ಯಾವಾಗ ಬಿಸಿಯಾಗುತ್ತದೆ ಎಂದು ಮೊದಲು ನೋಡಬೇಕು. ನಿಧಾನವಾಗಿ ಏರು ಹತ್ತುವಾಗ ಮಾತ್ರ ಬಿಸಿಯಾದರೆ ಸಾಮಾನ್ಯವಾಗಿ ಗಾಳಿ ಸಾಲುತ್ತಿಲ್ಲ. ಸಪಾಟು ರಸ್ತೆಯಲ್ಲಿ ಜೋರಾಗಿ ಹೋಗುವಾಗಲೂ ಬಿಸಿಯಾದರೆ ನೀರಿನ ಹರಿವಿನ ಮೇಲೆ ಅನುಮಾನ ಪಡಬೇಕು. ನಮ್ಮ ಜೀಪ್ ತೋಟದ ಏರಿನಲ್ಲೂ ಬಿಸಿಯಾಗುತ್ತಿತ್ತು, ರಿಪ್ಪನ್‌ಪೇಟೆ ದಾಟಿ ಶಿವಮೊಗ್ಗ ಕಡೆ ಓಡಿಸುವಾಗಲೂ ಬಿಸಿಯಾಗುತ್ತಿತ್ತು. ಹಾಗಾಗಿ ಒಂದೊಂದಾಗಿ ಪರೀಕ್ಷೆ ಮಾಡಿದೆ. ನೀರು ಬಿಸಿಯಾದಾಗ ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಬಿಚ್ಚಿ ಬಿಸಿನೀರಿನ ಪಾತ್ರೆಗೆ ಹಾಕಿದೆ. ಅದರ ಮೇಲೆ 82 ಎಂದು ಬರೆದಿತ್ತು, ಆ ಬಿಸಿಗೇ ಬಾಯಿ ಬಿಟ್ಟಿತು. ಬೆಲ್ಟ್ ಬಿಗಿ ಇತ್ತು, ವಾಟರ್ ಪಂಪ್ ಸೋರುತ್ತಿರಲಿಲ್ಲ. ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ನೋಡಿದೆ, ಬಿಡದೆ ಗುಳ್ಳೆ ಬರಲಿಲ್ಲ. ಗುಳ್ಳೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲು, ಹೋಗಿರಬಹುದು. ಆಗ ಎಷ್ಟು ಒಳ್ಳೆಯ ರೇಡಿಯೇಟರ್ ಹಾಕಿದರೂ ಪ್ರಯೋಜನ ಇಲ್ಲ.

ಕೊನೆಗೆ ಗಾಡಿ ಓಡಿಸಿ ಬಂದು, ಎಂಜಿನ್ ನಿಲ್ಲಿಸಿ, ಕೋರ್ ಮೇಲೆ, ಅಂದರೆ ರೇಡಿಯೇಟರಿನ ನಡುವಿನ ಕೊಳವೆ ಮತ್ತು ಜಾಲಿಯ ಭಾಗದ ಮೇಲೆ, ಅಲ್ಲಲ್ಲಿ ಕೈ ಹತ್ತಿರ ಹಿಡಿದು ನೋಡಿದೆ. ನಡುವೆ ಒಳ್ಳೆ ಕಾವು. ಕೆಳಗಿನ ಒಂದು ಮೂಲೆ ಬರೀ ಬೆಚ್ಚಗೆ. ಅಲ್ಲಿನ ಕೊಳವೆಗಳು ಕಟ್ಟಿಕೊಂಡಿದ್ದವು. ಕೊಳವೆಗಳ ನಡುವಿನ ತೆಳು ತಗಡಿನ ಜಾಲಿಯೂ ಕೈಯಲ್ಲಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಜಾಲಿ ಕೊಳವೆಯಿಂದ ಬಿಟ್ಟುಕೊಂಡ ಮೇಲೆ ಒಳಗಿನ ಶಾಖ ಗಾಳಿಗೆ ದಾಟುವುದಿಲ್ಲ. ಬರೀ ತೊಳೆದರೆ ಆಗುವ ಕೆಲಸ ಅಲ್ಲ ಎಂದು ಆಗ ಖಾತ್ರಿಯಾಯಿತು.

ನನ್ನ ಮುಂದೆ ಮೂರು ದಾರಿ ಇದ್ದವು (ಟ್ಯಾಂಕ್ ಎಂದರೆ ಇಲ್ಲಿ ಕೋರಿನ ಎರಡು ತುದಿಯ ನೀರಿನ ಡಬ್ಬಿ). ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯುಮಿನಿಯಂ ರೇಡಿಯೇಟರ್ ಒಂದನ್ನು ಹೊಂದಿಸುವುದು, ಪೂರ್ತಿ ಅಲ್ಯುಮಿನಿಯಂದು ಮಾಡಿಸುವುದು, ಇಲ್ಲವೇ ನಮ್ಮದೇ ಹಿತ್ತಾಳೆ ಟ್ಯಾಂಕ್ ಉಳಿಸಿಕೊಂಡು ಹೊಸ ತಾಮ್ರದ ಕೋರ್ ಹಾಕಿಸುವುದು. ಮೊದಲನೆಯದನ್ನು ಬೇಗ ಬಿಟ್ಟೆ. ಅದರಲ್ಲಿ ಪ್ಲಾಸ್ಟಿಕ್ ಟ್ಯಾಂಕನ್ನು ರಬ್ಬರ್ ಇಟ್ಟು ಅಲ್ಯುಮಿನಿಯಂಗೆ ಮಡಚಿ ಕೂರಿಸಿರುತ್ತಾರೆ. ಕಾರಿಗೆ ಏನೂ ತೊಂದರೆ ಇಲ್ಲ. ನಮ್ಮ ಕಲ್ಲು ದಾರಿಯ ಕುಲುಕಾಟಕ್ಕೆ ಟ್ಯಾಂಕ್ ಬಿರುಕು ಬಿಟ್ಟರೆ ಇಲ್ಲಿ ಯಾರೂ ನೆಟ್ಟಗೆ ರಿಪೇರಿ ಮಾಡಲಾರರು.

ಪೂರ್ತಿ ಅಲ್ಯುಮಿನಿಯಂ ಬಗ್ಗೆ ಜಾಸ್ತಿ ಯೋಚನೆ ಮಾಡಿದೆ. ಪಕ್ಕದ ತೋಟದ ಭಾವ ಅದನ್ನೇ ಹೇಳುತ್ತಿದ್ದ. "ಅಲ್ಯುಮಿನಿಯಂ ಹಾಕ್ಸು ಮಾರಾಯ, ಹಗುರ, ಚೆನ್ನಾಗಿ ತಂಪೂ ಮಾಡ್ತದೆ" ಅಂತ. ಅವನ ಮಾತು ಸುಳ್ಳಲ್ಲ. ಶಾಖ ಸಾಗಿಸುವುದರಲ್ಲಿ ತಾಮ್ರವೇ ಮುಂದೆ, ಸರಿ. ಆದರೆ ತಾಮ್ರದ ರೇಡಿಯೇಟರ್ ಅನ್ನುವುದರಲ್ಲಿ ತಾಮ್ರ ಇರುವುದು ಜಾಲಿಯಲ್ಲಿ ಮಾತ್ರ. ಕೊಳವೆ ಹಿತ್ತಾಳೆಯದು, ಎರಡರ ನಡುವೆ ಸೀಸ ಮತ್ತು ತವರದ ಬೆಸುಗೆ. ಹಿತ್ತಾಳೆಯೂ ಬೆಸುಗೆಯೂ ತಾಮ್ರದಷ್ಟು ಶಾಖ ದಾಟಿಸುವುದಿಲ್ಲ. ಅಲ್ಯುಮಿನಿಯಂ ಗಟ್ಟಿ ಲೋಹ ಆದ್ದರಿಂದ ಅಗಲವಾದ ಕೊಳವೆ ಮಾಡಬಹುದು, ಜಾಲಿಗೆ ಅದು ತಾಗುವ ಜಾಗವೂ ಹೆಚ್ಚು. ಅಗಲ ಕೊಳವೆಯ ಎರಡು ಸಾಲಿನ ಅಲ್ಯುಮಿನಿಯಂ ಕೋರ್, ದಪ್ಪನೆಯ ತಾಮ್ರದ ಕೋರಿಗೆ ಸಮನಾಗಿ ನಿಲ್ಲಬಲ್ಲದು.

ಹಾಗಾದರೆ ನಾನು ಯಾಕೆ ತಾಮ್ರಕ್ಕೆ ಹೋದೆ? ರಿಪೇರಿಗಾಗಿ. ತಾಮ್ರ ಹಿತ್ತಾಳೆಯ ರೇಡಿಯೇಟರ್ ಸೋರಿದರೆ ಬೆಸುಗೆ ಹಾಕುವವರು ತಾಲ್ಲೂಕು ಪೇಟೆಯಲ್ಲೇ ಸಿಗುತ್ತಾರೆ. ಒಂದು ಕೊಳವೆ ಒಡೆದರೆ ಅದರ ಎರಡೂ ತುದಿಗೆ ಬೆಸುಗೆ ತುಂಬಿ ಮುಚ್ಚಿ ಅವತ್ತೇ ಮನೆಗೆ ಬರಬಹುದು. ಅಲ್ಯುಮಿನಿಯಂಗೆ ಟಿಗ್ ಎನ್ನುವ ವಿಶೇಷ ವೆಲ್ಡಿಂಗ್ ಬೇಕು, ತೆಳು ಕೊಳವೆಗೆ ಅದನ್ನು ಮಾಡುವ ಕೈಯೂ ಬೇಕು. ಜುಲೈ ತಿಂಗಳಲ್ಲಿ ಹುಲಿಕಲ್ ಕಡೆ ಮಳೆ ಹಿಡಿದಾಗ ರೇಡಿಯೇಟರನ್ನು ಬಸ್ಸಿಗೆ ಹಾಕಿ ಶಿವಮೊಗ್ಗಕ್ಕೆ ಕಳಿಸಿ ಕಾಯುತ್ತಾ ಕೂರುವುದು ತೋಟದವರಿಗೆ ಆಗುವ ಮಾತಲ್ಲ. ಗಾಡಿ ಬರೀ ಹೈವೇಯಲ್ಲಿ ಓಡುವುದಾದರೆ ನಾನೂ ಅಲ್ಯುಮಿನಿಯಂ ತೆಗೆದುಕೊಳ್ಳುತ್ತಿದ್ದೆ.

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ವಿಚಾರಿಸಿ, ರೇಡಿಯೇಟರ್ ಕೆಲಸ ಮಾತ್ರ ಮಾಡುವ ಒಬ್ಬರಿಗೆ ಕೊಟ್ಟೆ. ಹಳೆಯದನ್ನೇ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋಗಿದ್ದೆ. ಇದು ಮುಖ್ಯ. ಹಳೆಯ ಜೀಪ್‌ಗಳಲ್ಲಿ ಎಂಜಿನ್ ಬದಲಾದ ಗಾಡಿಗಳು ತುಂಬ. ಹೋಸ್ ಬಾಯಿ ಯಾವ ಕಡೆ, ಎಷ್ಟು ದಪ್ಪ ಎನ್ನುವುದು ಎಂಜಿನ್ ಮೇಲೆ ಹೋಗುತ್ತದೆ. ಸುಮ್ನೆ "ಎಂಎಂ 540ದು ಕೊಡಿ" ಎಂದರೆ ಹೊಂದದೇ ಇರಬಹುದು. ಫ್ಯಾನ್‌ನಿಂದ ಕೋರಿಗೆ ಎಷ್ಟು ಜಾಗ ಇದೆ ಎಂದೂ ಅಳೆದು ಬರೆದುಕೊಂಡಿದ್ದೆ.

"ನಾಲ್ಕು ಸಾಲು ಹಾಕಿ ಕೊಡ್ಲಾ ಸಾರ್? ಜೀವನದಲ್ಲಿ ಬಿಸಿ ಆಗಲ್ಲ" ಎಂದರು ಅವರು. ನಾನು ಕೊಳವೆಯ ಸಾಲು ಮೂರೇ ಸಾಕು ಎಂದೆ. ಕೋರ್ ದಪ್ಪವಾದಷ್ಟೂ ಗಾಳಿ ನುಗ್ಗುವುದು ಕಷ್ಟ, ಹಿಂದಿನ ಸಾಲಿಗೆ ತಲುಪುವಾಗ ಗಾಳಿ ಆಗಲೇ ಬಿಸಿಯಾಗಿರುತ್ತದೆ. ಲೋ ಗೇರಿನಲ್ಲಿ ನಡಿಗೆಯ ವೇಗದಲ್ಲಿ ಹತ್ತುವಾಗ ಎದುರುಗಾಳಿ ಎನ್ನುವುದೇ ಇಲ್ಲ. ಫ್ಯಾನ್ ಎಳೆದಷ್ಟೇ ಗಾಳಿ. ದಪ್ಪ ಕೋರಿನಿಂದ ಫ್ಯಾನ್‌ಗೂ ಜಾಗ ಕಡಿಮೆಯಾಗುತ್ತಿತ್ತು.

ಜಾಲಿ ಎಷ್ಟು ಒತ್ತಾಗಿರಬೇಕು ಎನ್ನುವುದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಒತ್ತು ಜಾಲಿ ಲೆಕ್ಕದಲ್ಲಿ ಚೆನ್ನಾಗಿ ತಂಪು ಮಾಡುತ್ತದೆ. ಆದರೆ ನಮ್ಮಲ್ಲಿ ಮಳೆಗಾಲದ ಕೆಂಪು ಕೆಸರು, ಬೇಸಿಗೆಯ ಧೂಳು, ಹುಲ್ಲಿನ ಬೀಜ, ಅಡಿಕೆ ಸಿಪ್ಪೆಯ ನಾರು ಎಲ್ಲ ಅದರೊಳಗೆ ಹೋಗಿ ಕೂರುತ್ತವೆ. ಒಣಗಿದ ಮೇಲೆ ಅದು ಗೋಡೆಯೇ. ಸ್ವಲ್ಪ ಬಿಡಿಬಿಡಿಯಾಗಿರುವ, ಬೆಳಕು ಸಲೀಸಾಗಿ ಕಾಣುವ ಜಾಲಿಯನ್ನೇ ಕೇಳಿ ಹಾಕಿಸಿದೆ. ಈ ಕೆಲಸದಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟ ನಿರ್ಧಾರ ಇದು.

ಟ್ಯಾಂಕ್ ಮತ್ತು ಕೋರ್ ಸೇರಿಸಿದ ಮೇಲೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗಾಳಿ ತುಂಬಿ, ಗುಳ್ಳೆ ಬರುವುದಿಲ್ಲ ಎಂದು ನನ್ನೆದುರೇ ತೋರಿಸಿದರು. ಇದನ್ನು ಕೇಳಿ ನೋಡಿಕೊಂಡೇ ಬರಬೇಕು.

ಫ್ಯಾನ್ ಸುತ್ತಲಿನ ತಗಡಿನ ಶ್ರೌಡ್ ನಮ್ಮ ಜೀಪಿನಲ್ಲಿ ಇರಲೇ ಇಲ್ಲ. ಯಾವ ಕಾಲದಲ್ಲೋ ಯಾರೋ ಬಿಚ್ಚಿ ಎಸೆದಿದ್ದರು. ಅದಿಲ್ಲದಿದ್ದರೆ ಫ್ಯಾನ್ ಅದೇ ಬಿಸಿ ಗಾಳಿಯನ್ನು ಸುತ್ತಿಸುತ್ತಿರುತ್ತದೆ, ಕೋರಿನ ಮೂಲೆಗಳಿಂದ ಗಾಳಿ ಎಳೆಯುವುದೇ ಇಲ್ಲ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ತಗಡು ಬಗ್ಗಿಸಿ ಮಾಡಿಸಿದೆ. ಫ್ಯಾನ್ ರೆಕ್ಕೆ ಅರ್ಧ ಒಳಗೆ, ಅರ್ಧ ಹೊರಗೆ. ಸುತ್ತ ಒಂದಿಂಚಿನಷ್ಟು ಸಂದು ಬಿಟ್ಟಿದ್ದೇನೆ, ಯಾಕೆಂದರೆ ಎಂಜಿನ್ ತನ್ನ ರಬ್ಬರಿನ ಮೇಲೆ ಅಲುಗಾಡುತ್ತದೆ. ನಿಧಾನದ ಏರಿನಲ್ಲಿ ಕಂಡ ವ್ಯತ್ಯಾಸದಲ್ಲಿ ದೊಡ್ಡ ಪಾಲು ಈ ತಗಡಿನದೇ ಎಂದು ನನ್ನ ನಂಬಿಕೆ.

ಕೂರಿಸುವಾಗ ಕೆಳಗಿನ ರಬ್ಬರ್ ಬುಷ್ ಎಲ್ಲ ಹೊಸದು ಹಾಕಿದೆ. ಕಲ್ಲು ಹತ್ತುವಾಗ ಚಾಸಿಸ್ ತಿರುಚಿಕೊಳ್ಳುತ್ತದೆ. ರೇಡಿಯೇಟರನ್ನು ಬೋಲ್ಟ್ ಹಾಕಿ ಕಲ್ಲಿನಂತೆ ಬಿಗಿದರೆ ಆ ತಿರುಚುವಿಕೆ ಟ್ಯಾಂಕಿನ ಬೆಸುಗೆಗೆ ಬಂದು ಅಲ್ಲಿ ಬಿಡುತ್ತದೆ.

ಮುಚ್ಚಳ ಹಳೆಯದರ ಒತ್ತಡದ್ದೇ. ಒತ್ತಡ ಹೆಚ್ಚಿದಷ್ಟೂ ನೀರು ತಡವಾಗಿ ಕುದಿಯುವುದು ನಿಜ. 7 ಪೌಂಡ್ (ಚದರ ಇಂಚಿಗೆ) ಒತ್ತಡದ ಮುಚ್ಚಳದಲ್ಲಿ ಸುಮಾರು 111 ಡಿಗ್ರಿಗೆ, 13 ಪೌಂಡಿನದರಲ್ಲಿ 119ರ ಹತ್ತಿರ. ಹಾಗಂತ ಹಳೆಯ ಟ್ಯಾಂಕಿಗೆ ಜಾಸ್ತಿ ಒತ್ತಡದ ಮುಚ್ಚಳ ಹಾಕಿದರೆ ಬೆಸುಗೆಯ ಮೇಲೆ ಹೊರೆ. ಮುಚ್ಚಳವೇ ಇಲ್ಲದೆ, ಬಟ್ಟೆ ತುರುಕಿ ಓಡಿಸುವವರನ್ನೂ ನೋಡಿದ್ದೇನೆ, ದಯವಿಟ್ಟು ಬೇಡ. 1343 ಮೀಟರ್ ಎತ್ತರದ ಕೊಡಚಾದ್ರಿಯ ತುದಿಯಲ್ಲಿ ತೆರೆದ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ.

ಹೊಸ ಕೋರಿಗೆ ಹಳ್ಳದ ನೀರು ತುಂಬಲಿಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಅರ್ಧ, ಕೂಲೆಂಟ್ ಅರ್ಧ. ಹೆಪ್ಪುಗಟ್ಟುವ ಚಳಿ ನಮಗಿಲ್ಲ, ಕೂಲೆಂಟ್ ಬೇಕಾಗಿರುವುದು ತುಕ್ಕು ತಡೆಯಲು. ತುಂಬುವ ಮೊದಲು ಎಂಜಿನ್ ಬ್ಲಾಕನ್ನು ಚೆನ್ನಾಗಿ ತೊಳೆಸಿ, ಒಳಗಿದ್ದ ಕೆಂಪು ತುಕ್ಕೆಲ್ಲ ಹೊರಹಾಕಿದೆ. ಇಲ್ಲದಿದ್ದರೆ ಅದೇ ಹೋಗಿ ಹೊಸ ಕೊಳವೆಯಲ್ಲಿ ಕೂರುತ್ತಿತ್ತು.

ಈಗ ಹೊಸಂಗಡಿಯಿಂದ ಹುಲಿಕಲ್ ಘಾಟಿಯನ್ನು ಲೋಡಿನ ಮೇಲೆ ಹತ್ತಿದರೂ ಮುಳ್ಳು ನಡುವಿಗಿಂತ ಸ್ವಲ್ಪವೇ ಮೇಲೆ ನಿಲ್ಲುತ್ತದೆ. ಜಾಲಿಯನ್ನು ಎಂಜಿನ್ ಕಡೆಯಿಂದ ಮುಂದಕ್ಕೆ ಸಣ್ಣ ಪೈಪಿನಲ್ಲಿ ತೊಳೆಯುತ್ತೇನೆ. ಸರ್ವಿಸ್ ಸ್ಟೇಷನ್ನಿನ ಜೋರು ನೀರು ತಾಮ್ರದ ಜಾಲಿಯನ್ನು ಮಡಚಿ ಹಾಕುತ್ತದೆ. ಆಳದ ಹಳ್ಳ ದಾಟುವ ಮೊದಲು ಫ್ಯಾನ್ ಬೆಲ್ಟ್ ಸಡಿಲ ಮಾಡುತ್ತೇನೆ. ತಿರುಗುವ ಫ್ಯಾನ್ ನೀರಿಗೆ ಸಿಕ್ಕಿದರೆ ರೆಕ್ಕೆ ಮುಂದಕ್ಕೆ ಬಾಗಿ ಕೋರಿಗೇ ತಾಗಬಹುದು. ದಾಟಿದ ಕೂಡಲೇ ಬೆಲ್ಟ್ ಮತ್ತೆ ಬಿಗಿ ಮಾಡಿಯೇ ಮುಂದೆ ಹೋಗುವುದು.